ಕೊನೆಯ ಬಸ್ಸಿನಲ್ಲಿ ಮುಗಿದ ಸಿನಿಮಾ

ಶಿಕಾರಿಪುರ
೧೪ ಜೂನ್ ೨೦೨೫

ಅಮ್ಮ,

ನಾನು ಶಾಲೆ ಬಿಟ್ಟದ್ದು ಗಣಿತಕ್ಕೆ ಹೆದರಿ ಅಲ್ಲ. ಅಪ್ಪನಿಗೆ, ಅಜ್ಜಿಗೆ, ಫೋನಿನಲ್ಲಿ ನಿನಗೆ, ಎಲ್ಲರಿಗೂ ಹಾಗೇ ಹೇಳಿದ್ದೆ. ಗಣಿತ ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ‘ಪಾಪ’ ಎಂದು ಸುಮ್ಮನಾಗುತ್ತಾರೆ. ನಿಜವಾಗಿ ನಾನು ಎದ್ದು ಬಂದದ್ದು ಕನ್ನಡ ತರಗತಿಯಿಂದ, ಒಂದು ಕಾದಂಬರಿಯ ದೆಸೆಯಿಂದ.

ಫೋನ್ ಮಾಡುವುದು ಬಿಟ್ಟು ಯಾಕೆ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ‘ಊಟ ಆಯ್ತಾ’ ಮುಗಿದ ಮೇಲೆ ಫೋನಿನಲ್ಲಿ ನಮ್ಮಿಬ್ಬರ ಹತ್ತಿರ ಏನಿರುತ್ತದೆ ಹೇಳು. ನೀನು ‘ಮತ್ತೆ?’ ಅನ್ನುತ್ತೀಯ, ನಾನು ‘ಮತ್ತೇನಿಲ್ಲ’ ಅನ್ನುತ್ತೇನೆ. ನೀನು ಈ ಮನೆ ಬಿಟ್ಟಾಗಿನಿಂದ ಹನ್ನೆರಡು ವರ್ಷ ಹೀಗೇ ನಡೆದಿದೆ. ಕಾಗದದಲ್ಲಿ ‘ಮತ್ತೇನಿಲ್ಲ’ ಎಂದು ಬರೆಯಲು ನಾಚಿಕೆಯಾಗುತ್ತದೆ.

ಈಗ ನಾನು ಬಸ್ ಸ್ಟ್ಯಾಂಡ್ ಎದುರಿನ ಶಿವರಾಮಣ್ಣನ ಜೆರಾಕ್ಸ್ ಅಂಗಡಿಯಲ್ಲಿದ್ದೇನೆ. ಹೊಲಿಗೆ ಬಿಟ್ಟೆ, ಮೊಬೈಲ್ ಅಂಗಡಿಯನ್ನೂ ಬಿಟ್ಟೆ, ಇದನ್ನು ಇನ್ನೂ ಬಿಟ್ಟಿಲ್ಲ. ಕಾಲೇಜಿನ ಹುಡುಗರು ನೋಟ್ಸ್ ತರುತ್ತಾರೆ, ನಾನು ಕಾಪಿ ತೆಗೆದು ಪಿನ್ ಹೊಡೆದು ಕೊಡುತ್ತೇನೆ. ಮೊನ್ನೆ ಬಂದ ಕಟ್ಟಿನ ಮೇಲೆ ‘ಮೂಡಲ ಕದ’ ಎಂದಿತ್ತು. ಅದೇ ಕಾದಂಬರಿ.

ಕಥೆ ಇಷ್ಟು. ಚಂದ್ರಭಾಗೆ ದೊಡ್ಡ ಮನೆಯ ಸೊಸೆ. ಆ ಮನೆಗೆ ಎರಡು ಕದ. ಮೂಡಣ ಕದದಿಂದ ಗಂಡಸರು ಓಡಾಡಬೇಕು, ಹೆಂಗಸರು ಹಿತ್ತಿಲ ಕಡೆಯಿಂದ. ಗಂಡ ವೆಂಕಪ್ಪಯ್ಯ ಹೊಡೆಯುವುದಿಲ್ಲ, ಬೈಯುವುದಿಲ್ಲ. ಅವಳು ಏನು ಕೇಳಿದರೂ ಉತ್ತರವನ್ನೂ ಕೊಡುವುದಿಲ್ಲ. ಒಂದು ಬೆಳಗ್ಗೆ ಅವಳು ಮೂಡಣ ಕದ ತೆಗೆದು ಹೊರಟುಬಿಡುತ್ತಾಳೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ಹತ್ತನೇ ತರಗತಿಯಲ್ಲಿ ಮೇಷ್ಟ್ರು ಇದನ್ನು ನಮಗೆ ಓದಿಸಿ, ಇಷ್ಟವಾದ ಒಂದು ಪಾತ್ರವನ್ನು ವಿಮರ್ಶಿಸಿ ಅಂದರು. ಎಲ್ಲರೂ ಚಂದ್ರಭಾಗೆಯ ಮೇಲೆ ಬರೆದರು. ನಾನು ಅವಳ ಮಗುವಿನ ಮೇಲೆ ಬರೆದೆ. ಇಡೀ ಪುಸ್ತಕದಲ್ಲಿ ಆ ಮಗುವಿಗೆ ಇರುವುದು ಮೂರು ವಾಕ್ಯ. ಒಂದು ಕಡೆ ಅಳುತ್ತದೆ, ಒಂದು ಕಡೆ ನಗುತ್ತದೆ, ತಾಯಿ ಹೊರಡುವಾಗ ಹೊರಳಿ ಮಲಗುತ್ತದೆ. ಹೆಸರಿಲ್ಲ. ಗಂಡೋ ಹೆಣ್ಣೋ ಅದನ್ನೂ ಬರೆದಿಲ್ಲ. ಎದ್ದ ಮೇಲೆ ಆ ಮಗು ಯಾರನ್ನು ಹುಡುಕಿತು, ಯಾರು ಅದರ ಮುಖ ತೊಳೆದರು ಎಂದು ನಾನು ನಾಲ್ಕು ಪುಟ ಬರೆದಿದ್ದೆ.

ಮೇಷ್ಟ್ರು ಕೆಟ್ಟವರಲ್ಲ. ಓದಿ, ನಿಧಾನವಾಗಿ ಹೇಳಿದರು: “ಮಗು ಪಾತ್ರ ಅಲ್ಲಮ್ಮ ತುಂಗಾ, ಅದು ಸನ್ನಿವೇಶ. ಮಾತೇ ಆಡದೋರು, ತೀರ್ಮಾನ ತಗೊಳ್ಳದೋರು ಪಾತ್ರ ಹೆಂಗಾಗ್ತಾರೆ?” ಹಿಂದಿನ ಬೆಂಚಿನಿಂದ ಒಬ್ಬ, “ಅವ್ಳಿಗೆ ಗೊತ್ತಿರ್ತೈತಿ ಬಿಡ್ರಿ ಸಾರ್, ಅವ್ರ ಮನೇಲೇ ಒಬ್ಳು ಚಂದ್ರಭಾಗಿ ಅದಾಳಲ್ಲ” ಅಂದ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ, ಆದರೆ ಅವನನ್ನು ಗದರಲೂ ಇಲ್ಲ. ನಾನು ಚೀಲ ತಗೊಂಡು ಎದ್ದು ಬಂದೆ. ಮರುದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ.

ಈ ಕಾದಂಬರಿಯ ಸಿನಿಮಾವನ್ನು ನೀನು ನೋಡಿದ್ದೀಯಂತೆ. “ಆ ಸಿನೆಮಾ ನೋಡೇ ನಿಮ್ಮವ್ವನ ತಲಿ ಕೆಟ್ಟಿದ್ದು” ಎಂದು ಅಜ್ಜಿ ಈಗಲೂ ಅನ್ನುತ್ತಾಳೆ. ಹಾಗಾದರೆ ನೀನೇ ಹೇಳು. ಚಂದ್ರಭಾಗೆ ಯಾಕೆ ಹೋದಳು? ಹೋಗುವಾಗ ಮಗುವಿನ ಬಗ್ಗೆ ಏನು ಅಂದುಕೊಂಡಳು? ನೋಟ್ಸಿನಲ್ಲಿ ಇದಕ್ಕೆ ಉತ್ತರವಿಲ್ಲ.

ತುಂಗಾ


ಸೊರಬ
೨ ಜುಲೈ ೨೦೨೫

ತುಂಗಾ,

ಇಲ್ಲಿ ಹಾಸ್ಟೆಲ್ಲಿನ ಮಕ್ಕಳೆಲ್ಲ ಉಂಡಿದ್ದಾರೆ, ನಾನೂ ಉಂಡಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ ಎಂದು ನಂಬಿ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನ ಹಾಸ್ಟೆಲ್ಲಿನ ವಾರ್ಡನ್ ರಾಜೇಶ್ವರಮ್ಮನವರು ಅದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ಎಂತದ್ರೀ ನಾಗವೇಣಿ, ಕೋರ್ಟಿಂದ ಬಂತಾ?” ಅಂದರು. ಈಗ ಕಾಗದ ಎಂದರೆ ಕೋರ್ಟು, ಇಲ್ಲವೇ ಬ್ಯಾಂಕು. ಮಗಳದು ಅಂದೆ. ನನಗೆ ಮಗಳಿದ್ದಾಳೆ ಎಂದು ಅವರಿಗೆ ಗೊತ್ತಿರಲಿಲ್ಲ.

ನೀನು ಶಾಲೆ ಬಿಟ್ಟದ್ದು ನನ್ನಿಂದ ಎಂದು ನೀನು ಬರೆದಿಲ್ಲ. ಬರೆಯದಿದ್ದರೂ ನನಗೆ ಓದಲು ಬರುತ್ತದೆ.

ಪುಸ್ತಕ ನನಗೆ ಗೊತ್ತಿಲ್ಲ. ಸಿನಿಮಾ ಗೊತ್ತು. ಎಂಟನೇ ಕ್ಲಾಸಿನಲ್ಲಿದ್ದಾಗ ನನ್ನ ತವರು ಕುಬಟೂರಿನಿಂದ ನಮ್ಮ ಓಣಿಯವರೆಲ್ಲ ಒಟ್ಟಿಗೆ ಸೊರಬದ ಟೆಂಟಿಗೆ ಬಂದು ನೋಡಿದ್ದು. ಅವಳು ಸಿಟ್ಟಿನಿಂದ ಹೋದವಳಲ್ಲ. ಒಂದು ದಿನ ಅವಳು ಗಂಡನನ್ನು ಕೇಳುತ್ತಾಳೆ, ‘ನಾನು ಸತ್ತರೆ ನಿಮಗೆ ಗೊತ್ತಾಗುತ್ತದೆಯೇ?’ ಎಂದು. ಅವನು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿರುತ್ತಾನೆ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದನೋ. ಅದೊಂದೇ ಅವಳಿಗೆ ಸಾಕಾಯಿತು. ಬೈದಿದ್ದರೆ ತಿರುಗಿ ಬೈಯಬಹುದು. ಮಾತೇ ಇಲ್ಲದಿದ್ದರೆ ಯಾವುದಕ್ಕೆ ಉತ್ತರ ಕೊಡುವುದು?

ಆದರೆ ಮಗುವನ್ನು ಅವಳು ಬಿಟ್ಟು ಹೋಗುವುದಿಲ್ಲ. ನಿನ್ನ ಪುಸ್ತಕದಲ್ಲಿ ಏನಿದೆಯೋ ಕಾಣೆ. ಸಿನಿಮಾದಲ್ಲಿ ಬೆಳಗಿನ ಜಾವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಳೆ ದಾಟುತ್ತಾಳೆ. ನೀರು ಮೊಣಕಾಲಿನವರೆಗೆ ಇರುತ್ತದೆ. ಮಗುವಿನ ಕಾಲು ನೆನೆಯದ ಹಾಗೆ ಮೇಲೆ ಎತ್ತಿ ಹಿಡಿಯುತ್ತಾಳೆ. ಆಚೆ ದಡದಲ್ಲಿ ಹೆಂಚಿನ ಮಾಡಿನ ಒಂದು ಶಾಲೆ. ಅಲ್ಲಿಗೆ ಮುಗಿಯುತ್ತದೆ. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮಳೆ ಹಿಡಿದಿದೆ. ಕೊಡೆ ಮರೆಯಬೇಡ.

ನಾಗವೇಣಿ
(ನಿನ್ನ ಅಮ್ಮ ಎಂದು ಬರೆಯಲು ಹೊರಟು ಕೈ ತಡೆಯಿತು. ಈಗ ಬರೆದಿದ್ದೇನೆ.)


ಶಿಕಾರಿಪುರ
೨೦ ಜುಲೈ ೨೦೨೫

ಅಮ್ಮ,

ಇದನ್ನು ನಿನಗೆ ಹೇಳಬಾರದು ಎಂದು ಒಂದು ದಿನ ಪೂರ್ತಿ ಅಂದುಕೊಂಡಿದ್ದೆ. ಹೇಳದಿದ್ದರೆ ಮುಂದೆ ಬರೆಯುವುದೆಲ್ಲ ಸುಳ್ಳಾಗುತ್ತದೆ.

ಆ ಸಿನಿಮಾ ಯೂಟ್ಯೂಬಿನಲ್ಲಿದೆ. ನೋಡಿದೆ. ಕೊನೆಯನ್ನು ಮತ್ತೆ ಮತ್ತೆ ನೋಡಿದೆ. ಹೊಳೆ ದಾಟುವುದೇ ಇಲ್ಲ ಅಮ್ಮ. ಅವಳು ಹೊಳೆಯ ದಡದವರೆಗೆ ಹೋಗುತ್ತಾಳೆ, ಒಬ್ಬಳೇ. ಬಂಡೆಯ ಮೇಲೆ ಕೂತು ಅಳುತ್ತಾಳೆ. ಗುಡಿಯ ಗಂಟೆ ಕೇಳಿಸುತ್ತದೆ. ಎದ್ದು ತಿರುಗಿ ಮನೆಗೆ ಬರುತ್ತಾಳೆ. ವೆಂಕಪ್ಪಯ್ಯ ಕದ ತೆಗೆಯುತ್ತಾನೆ, ಅವಳು ಕಾಲಿಗೆ ಬೀಳುತ್ತಾಳೆ, ಅವನು ಎತ್ತುತ್ತಾನೆ. ಹಿಂದಿನಿಂದ ಹಾಡು. ಶುಭಂ. ಶಾಲೆಯೂ ಇಲ್ಲ, ಹೆಂಚೂ ಇಲ್ಲ. ಆ ಕೊನೆಯ ದೃಶ್ಯದಲ್ಲಿ ಮಗು ಎಲ್ಲೂ ಕಾಣುವುದಿಲ್ಲ.

ಹಾಗಾಗಿ ಮೂರು ಕೊನೆ ಆದವು. ಕಾದಂಬರಿಯಲ್ಲಿ ಅವಳು ಮಗುವನ್ನು ಬಿಟ್ಟು ಹೋಗುತ್ತಾಳೆ. ಸಿನಿಮಾದಲ್ಲಿ ಹೋಗಿ ವಾಪಸ್ ಬರುತ್ತಾಳೆ. ನಿನ್ನ ಸಿನಿಮಾದಲ್ಲಿ ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ. ನಿನ್ನದು ಎಲ್ಲಿಂದ ಬಂತು?

ಇನ್ನೊಂದು. ನೋಟ್ಸಿನಲ್ಲಿ ವೆಂಕಪ್ಪಯ್ಯನನ್ನು ‘ಖಳಪಾತ್ರ’ ಎಂದು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಕಾದಂಬರಿಯ ನಡುವೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವ ಜಾಗ ಒಂದಿದೆ. ಏನೋ ಹೇಳಲು ಬಂದವನು. ಅವಳು ತಿರುಗಿ ನೋಡುತ್ತಾಳೆ. ಅವನು ‘ನೀರು ಕೊಡು’ ಅಂದು, ಕುಡಿದು ಹೋಗುತ್ತಾನೆ. ಖಳನಿಗೆ ಬಾಯಾರಿಕೆಯ ನೆವ ಬೇಕಾಗುವುದಿಲ್ಲ. ಅವನಿಗೆ ಮಾತು ಬರುವುದಿಲ್ಲ ಅಷ್ಟೆ. ಅದರಿಂದ ಅವಳಿಗೆ ಆದ ನೋವು ಕಡಿಮೆಯಾಗುವುದಿಲ್ಲ ಎಂಬುದೂ ನಿಜ. ನಮ್ಮಪ್ಪನನ್ನು ನೋಡಿದರೆ ನನಗೆ ಇದೇ ನೆನಪಾಗುತ್ತದೆ. ತಾಲ್ಲೂಕಿನ ಅರ್ಧ ಮದುವೆಗಳಿಗೆ ಮೈಕ್ ಸೆಟ್ ಕೊಡುವ ಮನುಷ್ಯ, ಮನೆಯಲ್ಲಿ ಬಾಗಿಲ ಹತ್ತಿರ ನಿಂತು ನಿಂತು, ಕೊನೆಗೆ ‘ಪ್ಲೈಯರ್ ಎಲ್ಲೈತಿ’ ಎಂದು ಕೇಳಿ ಹೋಗುತ್ತಾರೆ. ಪ್ಲೈಯರ್ ಅವರ ಜೇಬಿನಲ್ಲೇ ಇರುತ್ತದೆ.

ಇದನ್ನೆಲ್ಲ ನೋಟ್ಸ್ ತಂದ ಹುಡುಗನಿಗೂ ಹೇಳಿದೆ. ಅವನು ಪೂರ್ತಿ ಕೇಳಿ, “ಅಕ್ಕಾ, ನೀ ಹೇಳಿದ್ದನ್ನ ಬರದ್ರೆ ಮಾರ್ಕ್ಸ್ ಕೊಡ್ತಾರಾ?” ಅಂದ.

“ಕೊಡಲ್ಲ.”

“ಹಂಗಾದ್ರೆ ಈ ನೋಟ್ಸನ್ನೇ ಎರಡು ಕಾಪಿ ತೆಗಿ.”

ತೆಗೆದು ಕೊಟ್ಟೆ. ಶಿವರಾಮಣ್ಣ, “ತುಂಗಾ, ಗಿರಾಕಿಗಳಿಗೆ ಪಾಠ ಮಾಡಿದ್ರೆ ಅವರು ಎದುರಂಗಡಿಗೆ ಹೋಗ್ತಾರೆ ನೋಡು” ಎಂದು ಎಚ್ಚರಿಸಿದ್ದಾರೆ.

ತುಂಗಾ


ಸೊರಬ
೬ ಆಗಸ್ಟ್ ೨೦೨೫

ತುಂಗಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಮಕ್ಕಳ ಸಾಂಬಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ತಿಳಿಯದ ಹಾಗಾಯಿತು. ರಾಜೇಶ್ವರಮ್ಮನವರ ಫೋನಿನಲ್ಲಿ ಆ ಕೊನೆಯನ್ನು ಹಾಕಿಸಿಕೊಂಡು ನೋಡಿದೆ. ನೀನು ಹೇಳಿದ್ದು ಸರಿ. ಹೊಳೆ ದಾಟುವುದಿಲ್ಲ.

ಆಮೇಲೆ ಕೂತು ನೆನಪು ಮಾಡಿಕೊಂಡೆ. ನಾವು ಆ ಕೊನೆಯನ್ನು ನೋಡಿಯೇ ಇರಲಿಲ್ಲ. ನಾವು ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ.

ಟೆಂಟಿನಲ್ಲಿ ಮೊದಲನೇ ಆಟ ಸಂಜೆ ಕತ್ತಲಾದ ಮೇಲೆ ಶುರುವಾಗುತ್ತಿತ್ತು. ನಮ್ಮ ಕಡೆಗೆ ಕೊನೆಯ ಬಸ್ಸು ಒಂಬತ್ತಕ್ಕೆ. ಡ್ರೈವರು ಟೆಂಟಿನ ಹಿಂದೆ ಬಸ್ಸು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ. ಪರದೆಯ ಮೇಲೆ ಯಾರು ಸಾಯುತ್ತಿರಲಿ, ಯಾರ ಮದುವೆಯಾಗುತ್ತಿರಲಿ, ಹಾರ್ನ್ ಕೇಳಿದ ಕೂಡಲೇ ನಮ್ಮೂರಿನವರು ಎದ್ದುಬಿಡಬೇಕು. ಹಿಂದಿನವರು ‘ಕೂತ್ಕಳ್ರೋ’ ಎಂದು ಬೈಯುತ್ತಿದ್ದರು. ಉಳಿದ ಕಥೆಯನ್ನು ನಾವು ಬಸ್ಸಿನಲ್ಲಿ ಮುಗಿಸುತ್ತಿದ್ದೆವು. ಅದೊಂದು ರೂಢಿಯೇ ಆಗಿಹೋಗಿತ್ತು. ಒಬ್ಬೊಬ್ಬರು ಒಂದೊಂದು ಹೇಳುವುದು, ಜಗಳವಾಡುವುದು, ಊರು ಮುಟ್ಟುವುದರೊಳಗೆ ಎಲ್ಲರೂ ಒಂದಕ್ಕೆ ಒಪ್ಪುವುದು. ಮರುದಿನ ಬಾವಿಕಟ್ಟೆಯಲ್ಲಿ, ಬಾರದೆ ಉಳಿದವರಿಗೆ ಅದನ್ನೇ ಸಿನಿಮಾ ಎಂದು ಹೇಳುವುದು. ನಾಲ್ಕು ಸಲ ಹೇಳಿದ ಮೇಲೆ ನಮಗೂ ನೋಡಿದ ಹಾಗೇ ಆಗುತ್ತಿತ್ತು.

ಆ ದಿನ ಅವಳು ಮೂಡಣ ಕದಕ್ಕೆ ಕೈ ಹಾಕಿದ್ದೇ ಹಾರ್ನ್ ಆಯಿತು. ಬಸ್ಸು ಹತ್ತಿದ ಕೂಡಲೇ ಪಕ್ಕದ ಮನೆಯ ರಾಧಮ್ಮ ಶುರು ಮಾಡಿದರು.

“ಬಾವಿಗೆ ಬೀಳ್ತಾಳೆ ಬಿಡ್ರೇ. ಮತ್ತೆಂತ ಮಾಡ್ತಾಳೆ ಪಾಪ.”

“ಬಾವಿಗೆ ಬೀಳಾಕೆ ಆ ಕದ ಯಾಕೆ ತೆಗೀಬೇಕು? ಬಾವಿ ಹಿತ್ತಲ ಕಡೆ ಇತ್ತಲ್ಲ” ಎಂದು ಯಾರೋ ಕೇಳಿದರು.

ಕಂಡಕ್ಟರ್ ಮಾರಪ್ಪ, “ಮೊದ್ಲು ಟಿಕೆಟ್ ತಗೊಳ್ರಿ ಅಮ್ಮಾರೆ, ಆಮೇಲೆ ಯಾರನ್ನ ಬೇಕಾದ್ರೂ ಸಾಯ್ಸಿ” ಅಂದ.

ನಾನು ಕಿಟಕಿಯ ಹತ್ತಿರ ಕೂತವಳು, “ಅವ್ಳು ಸಾಯಲ್ಲ. ಮಗುನ ಎತ್ಕಂಡು ಹೊಳೆ ದಾಟ್ತಾಳೆ” ಅಂದೆ.

“ಓಹೋ! ದಾಟಿ? ಆಚೆ ದಡದಾಗೆ ಎಂತ ಇದ್ಯೇ ಮಾರಾಯ್ತಿ?”

“ಶಾಲೆ ಇದೆ.”

ಬಸ್ಸು ಪೂರ್ತಿ ನಕ್ಕಿತು. ಆದರೆ ರಾಧಮ್ಮ ನಗಲಿಲ್ಲ. “ಆಗ್ಲಿ ಬಿಡಿ. ಕೂಸು ಹೇಳಿದಂಗೇ ಆಗ್ಲಿ. ದಾಟ್ಲಿ ಅವ್ಳು” ಅಂದರು. ಎಲ್ಲರೂ ಒಪ್ಪಿದರು. ಹೊಳೆ, ಹೆಂಚು, ಮಗುವಿನ ಕಾಲು ಎಲ್ಲವೂ ನನ್ನದೇ ತುಂಗಾ.

ನಾನು ಕಟ್ಟಿದ್ದನ್ನೇ ನಾನು ನಂಬಿ, ಹದಿನೈದು ವರ್ಷದ ಮೇಲೆ ಒಂದು ಮನೆಯಿಂದ ಹೊರಗೆ ಬಂದೆ. ಅವಳು ವಾಪಸ್ ಬರುತ್ತಾಳೆ ಎಂದು ಆಗಲೇ ಗೊತ್ತಿದ್ದರೆ ಬರುತ್ತಿದ್ದೆನೋ ಇಲ್ಲವೋ.

ಅನ್ನ ಬಸಿಯುವ ಹೊತ್ತಾಯಿತು.

ಅಮ್ಮ


ಶಿಕಾರಿಪುರ
೧೩ ಆಗಸ್ಟ್ ೨೦೨೫

ಅಮ್ಮ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಓದಿ ಜೋರಾಗಿ ನಕ್ಕೆ. ಮಾರಪ್ಪನ ಮಾತನ್ನು ಶಿವರಾಮಣ್ಣನಿಗೂ ಓದಿ ಹೇಳಿದೆ. ರಾತ್ರಿ ಮತ್ತೊಮ್ಮೆ ಓದಿದಾಗ ನಗು ಬರಲಿಲ್ಲ.

ಆ ಸಿನಿಮಾದಲ್ಲಿರುವ ಕೊನೆ ಸುಳ್ಳು ಎಂದು ನನಗನ್ನಿಸುತ್ತದೆ. ಎರಡೂವರೆ ಗಂಟೆ ಅವಳನ್ನು ಒಂದು ಕಡೆಗೆ ನಡೆಸಿ, ಕೊನೆಗೆ ಗುಡಿಯ ಗಂಟೆಯ ಸದ್ದಿಗೆ ತಿರುಗಿಸಿದ್ದಾರೆ. ಪಾತ್ರದೊಳಗಿಂದ ಬಂದ ತಿರುವಲ್ಲ ಅದು; ನೋಡುವವರಿಗೆ ಹೆದರಿ ತಂದದ್ದು. ನಿಮ್ಮ ಬಸ್ಸಿನ ಕೊನೆ ಅದಕ್ಕಿಂತ ಒಳ್ಳೆಯದು. ಆದರೆ ಅದರಲ್ಲೂ ಒಂದು ಸುಳ್ಳಿದೆ ಎಂದು ಅನುಮಾನ. ಕಾದಂಬರಿ ಮಾತ್ರ ಸುಳ್ಳು ಹೇಳುವುದಿಲ್ಲ. ಸುಮ್ಮನಿರುತ್ತದೆ.

ಎಲ್ಲ ವಿಮರ್ಶೆ ಬಿಟ್ಟು ಕೇಳುತ್ತೇನೆ. ನಿನ್ನ ಚಂದ್ರಭಾಗೆ ಮಗುವನ್ನು ಎತ್ತಿಕೊಂಡು ಹೋದಳು. ಹದಿನಾಲ್ಕು ವರ್ಷಕ್ಕೇ ನಿನಗೆ ಅದು ಗೊತ್ತಿತ್ತು. ನೀನು ನನ್ನನ್ನು ಯಾಕೆ ಎತ್ತಿಕೊಳ್ಳಲಿಲ್ಲ?

ತುಂಗಾ


ಶಿಕಾರಿಪುರ
೨೧ ಸೆಪ್ಟೆಂಬರ್ ೨೦೨೫

ಅಮ್ಮ,

ನೀನು ಬರೆದಿಲ್ಲ. ಫೋನೂ ಮಾಡಿಲ್ಲ. ನಾನೇ ಮಾಡಿದಾಗ ನೀನು ‘ಮಕ್ಕಳಿಗೆ ಬಡಿಸ್ತಾ ಇದೀನಿ’ ಅಂದು ಇಟ್ಟುಬಿಟ್ಟೆ. ಮಧ್ಯಾಹ್ನ ಮೂರಕ್ಕೆ ಯಾವ ಮಕ್ಕಳು ಉಣ್ಣುತ್ತಾರೆ?

ಬರೆದದ್ದಕ್ಕೆ ಕ್ಷಮಿಸು ಎಂದು ಒಂದು ಕಾಗದ ಬರೆದಿದ್ದೆ. ಹರಿದು ಹಾಕಿದೆ. ನಿನಗೆ ನೋವಾದದ್ದಕ್ಕೆ ನನಗೂ ನೋವಾಗಿದೆ, ಅದು ನಿಜ. ಆದರೆ ಕೇಳಿದ್ದನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಉತ್ತರ ಕೆಟ್ಟದ್ದಾಗಿದ್ದರೂ ಪರವಾಗಿಲ್ಲ, ಬರಲಿ. ಉತ್ತರವೇ ಬರದಿದ್ದರೆ ಹೇಗಿರುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ತುಂಗಾ


ಸೊರಬ
೨೮ ಸೆಪ್ಟೆಂಬರ್ ೨೦೨೫

ತುಂಗಾ,

ನಿನ್ನ ಕೊನೆಯ ಮಾತು ನಾಟಿತು. ಬರೆಯುತ್ತೇನೆ.

ಮನೆ ಬಿಟ್ಟ ದಿನ ನನಗೆ ಇರಲು ಜಾಗವಿರಲಿಲ್ಲ. ತವರಿನಲ್ಲಿ ‘ನಾಲ್ಕು ದಿನ ಇದ್ದು ಹೋಗು’ ಅಂದರು. ತಿಂಗಳಾಗುವ ಹೊತ್ತಿಗೆ ಈ ಹಾಸ್ಟೆಲ್ಲಿನ ಅಡುಗೆ ಕೆಲಸ, ಹಿಂದುಗಡೆ ಒಂದು ಕೋಣೆ ಸಿಕ್ಕಿತು. ಮುಂದಿನ ಭಾನುವಾರವೇ ಶಿಕಾರಿಪುರಕ್ಕೆ ಬಂದೆ. ನಿನ್ನನ್ನು ಕರೆದುಕೊಂಡು ಹೋಗಲು. ನಿನಗೆ ನೆನಪಿಲ್ಲ.

ನಿಮ್ಮಪ್ಪ ಮನೆಯ ಮುಂದೆ ಯಾರದೋ ಮದುವೆಗೆ ಕಳಿಸುವ ಸೆಟ್ ಪರೀಕ್ಷೆ ಮಾಡುತ್ತಿದ್ದರು. ಬೇವಿನ ಮರಕ್ಕೆ ಎರಡು ಹಾರ್ನ್ ಸ್ಪೀಕರ್ ಕಟ್ಟಿತ್ತು. ಮೈಕು ನಿನ್ನ ಕೈಯಲ್ಲಿತ್ತು. ‘ಹಲೋ, ಹಲೋ’ ಅನ್ನುತ್ತಿದ್ದೆ. ನಿನ್ನ ದನಿ ನನಗೆ ಬಸ್ ಸ್ಟ್ಯಾಂಡಿನಿಂದ ಬರುವ ತಿರುವಿನಲ್ಲೇ ಕೇಳಿಸಿತು. ಅದನ್ನು ಕೇಳುತ್ತಾ ಕೇಳುತ್ತಾ ನಡೆದು ಬಂದೆ.

ನಿನ್ನ ಮುಂದೆ ಕೂತು, “ಬಾ ಪುಟ್ಟಿ, ಹೋಗಾಣ” ಅಂದೆ. ನೀನು ಮೈಕನ್ನು ಬಾಯಿಯಿಂದ ತೆಗೆಯದೆ, “ನಾ ಬರಲ್ಲ” ಅಂದೆ.

ಓಣಿಗೆಲ್ಲ ಕೇಳಿತು. ಎದುರು ಮನೆಯವರು ಬಾಗಿಲಿಗೆ ಬಂದರು. “ನಾ ಬರಲ್ಲ. ನೀ ಹೋಗು.” ನಿಮ್ಮಪ್ಪ ಓಡಿ ಹೋಗಿ ಸ್ವಿಚ್ ತೆಗೆದರು. ತೆಗೆದ ಮೇಲೂ ನಿನ್ನ ತುಟಿ ಆಡುತ್ತಿತ್ತು. ಅಜ್ಜಿ ಹೊರಗೆ ಬಂದರು, ನೀನು ಹೋಗಿ ಅವರ ಸೆರಗು ಹಿಡಿದುಕೊಂಡೆ.

ಎತ್ತಿಕೊಂಡು ಹೋಗಬಹುದಿತ್ತು. ಏಳು ವರ್ಷದ ಕೂಸು, ಎಷ್ಟು ಭಾರ. ಆದರೆ ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂದು ಹೊರಗೆ ಬಂದವಳು ನಾನು. ನಿನ್ನ ಮಾತನ್ನು ಕೇಳಿಯೂ ಕೇಳದ ಹಾಗೆ ನಿನ್ನನ್ನು ಹೇಗೆ ಎತ್ತಿಕೊಳ್ಳಲಿ?

ಬಸ್ಸಿನಲ್ಲಿ ನಾನು ಕಟ್ಟಿದ ಕಥೆಯ ಸುಳ್ಳು ಅದು. ಆ ಮಗುವಿಗೆ ನಾನು ಬಾಯಿ ಕೊಟ್ಟಿರಲಿಲ್ಲ. ಎತ್ತಿಕೊಂಡರೆ ಬರುತ್ತದೆ ಎಂದುಕೊಂಡಿದ್ದೆ. ನನ್ನ ಮಗುವಿಗೆ ಮಾತಿತ್ತು, ತೀರ್ಮಾನವೂ ಇತ್ತು. ನಿಮ್ಮ ಮೇಷ್ಟ್ರು ಆ ದಿನ ನಿಮ್ಮ ಓಣಿಯಲ್ಲಿ ಇರಬೇಕಿತ್ತು.

ದೊಡ್ಡವಳಾಗುತ್ತಾ ನಿನಗೆ ಆ ದಿನ ಮರೆತು ಹೋಗಿದೆ ಎಂದು ಗೊತ್ತಾಯಿತು. ಹೇಳಿದರೆ ತಪ್ಪು ನಿನ್ನದೆಂದು ಎಣಿಸುತ್ತೀಯ ಎಂದು ಬಿಟ್ಟೆ. ನೀನು ನನ್ನನ್ನು ದೂರಿದರೆ ದೂರು, ನಿನ್ನನ್ನೇ ನೀನು ದೂರಬೇಡ. ಎಳೆ ಮಗು ತಾನು ಕಂಡ ಮನೆಯನ್ನು ಬಿಟ್ಟು ಬರುವುದಿಲ್ಲ ಎಂದದ್ದರಲ್ಲಿ ಏನು ತಪ್ಪು?

ನನ್ನ ತಪ್ಪು ಬೇರೆ. ಒಂದು ಸಲ ಕೇಳಿ ಸುಮ್ಮನಾದೆ. ಮುಂದಿನ ವರ್ಷ ಕೇಳಬೇಕಿತ್ತು. ಅದರ ಮುಂದಿನ ವರ್ಷವೂ. ಮತ್ತೆ ಅದೇ ಮಾತು ಕೇಳಬೇಕಾದೀತು ಎಂದು ಹೆದರಿದೆ.

ಈಗ ಕೇಳುತ್ತಿದ್ದೇನೆ. ಇಲ್ಲಿ ಇಬ್ಬರು ಹುಡುಗಿಯರು ಹೊರಗಿನಿಂದ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟುತ್ತಿದ್ದಾರೆ. ಸಂಜೆ ರಾಜೇಶ್ವರಮ್ಮನವರು ಪಾಠ ಹೇಳುತ್ತಾರೆ. ಕೋಣೆ ಚಿಕ್ಕದು, ಇಬ್ಬರು ಮಲಗಬಹುದು. ಬರುತ್ತೀಯಾ? ‘ಬರಲ್ಲ’ ಅಂದರೂ ಸರಿ. ಈ ಸಲ ಕೇಳಿ ಸುಮ್ಮನಾಗುವುದಿಲ್ಲ, ಬರುವ ವರ್ಷ ಮತ್ತೆ ಕೇಳುತ್ತೇನೆ.

ಅಮ್ಮ


ಶಿಕಾರಿಪುರ
೧೧ ಅಕ್ಟೋಬರ್ ೨೦೨೫

ಅಮ್ಮ,

ತಡವಾಯಿತು. ಮೊದಲು ಅಜ್ಜಿಯನ್ನು ಕೇಳಬೇಕಿತ್ತು, ಆಮೇಲೆ ಅಪ್ಪನನ್ನು.

ಅಜ್ಜಿ ಮೊದಲು, “ಯಾರ್ ಹೇಳಿದ್ರು ನಿಂಗೆ?” ಎಂದು ಜೋರು ಮಾಡಿದಳು. ನೀನೇ ಬರೆದದ್ದು ಅಂದಾಗ ಹೊಸ್ತಿಲ ಮೇಲೆ ಕೂತಳು. “ಬಂದಿದ್ಲು. ಹಸಿರು ಸೀರಿ ಉಟ್ಕಂಡಿದ್ಲು. ನೀ ನನ್ ಸೆರಗು ಬಿಡ್ಲಿಲ್ಲ. ನಾನರ ಬಿಡಿಸಬೋದಾಗಿತ್ತು ತುಂಗಿ. ಬಿಡಿಸ್ಲಿಲ್ಲ. ನೀ ಹೋಗಿದ್ರೆ ಈ ಮನ್ಯಾಗೆ ಮಾತಾಡೋರು ಯಾರಿದ್ರು ನಂಗೆ?” ಅಂದಳು. ಇಷ್ಟು ವರ್ಷ ನಿನ್ನನ್ನು ಬೈದದ್ದಕ್ಕೆಲ್ಲ ಕಾರಣ ಅದೇ ಇರಬೇಕು. ಓಣಿಯವರೆಲ್ಲ ಕೇಳಿದ್ದ ಮಾತನ್ನು ನನಗೆ ಒಬ್ಬರೂ ಹೇಳಲಿಲ್ಲ, ನೋಡು. ಸಿಟ್ಟು ಬರುತ್ತದೆ. ಅವರ ಮೇಲೆ ಅಭಿಮಾನವೂ ಬರುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಏಳು ವರ್ಷದ ಮಗುವಿನ ಮಾತನ್ನು ಅಷ್ಟು ದೊಡ್ಡದು ಮಾಡಬಾರದಿತ್ತು. ಈ ಮನೆಯಲ್ಲಿ ನನ್ನ ಮಾತನ್ನು ಅಷ್ಟು ದೊಡ್ಡದೆಂದು ಕೇಳಿದವಳು ನೀನೊಬ್ಬಳೇ ಎಂಬುದೂ ಗೊತ್ತಾಗುತ್ತದೆ. ಇವೆರಡರಲ್ಲಿ ಒಂದನ್ನು ಆರಿಸು ಎಂದು ಪರೀಕ್ಷೆಯಲ್ಲಿ ಕೇಳಿದರೆ ನನ್ನಿಂದ ಆಗುವುದಿಲ್ಲ. ಎರಡನ್ನೂ ಬರೆದು ಬರುತ್ತೇನೆ.

ಅಪ್ಪನಿಗೆ ಅವರ ಮೈಕ್ ಸೆಟ್ ಅಂಗಡಿಯಲ್ಲೇ ಹೇಳಿದೆ, ‘ಸೊರಬಕ್ಕೆ ಹೋಗ್ತೀನಿ, ಪರೀಕ್ಷೆ ಕಟ್ತೀನಿ’ ಎಂದು. ವೈರು ಸುತ್ತುತ್ತಿದ್ದವರು ಸುತ್ತುತ್ತಲೇ ಇದ್ದರು. ಎಂದಿನ ಹಾಗೆ ಉತ್ತರವಿಲ್ಲ ಎಂದು ನಾನು ಎದ್ದೆ. ಆಗ, “ಆ ಸಿನೆಮಾ ನಾನೂ ನೋಡೀನಿ” ಅಂದರು.

ನಿಂತೆ.

“ದಾವಣಗೆರೆಯಾಗೆ. ಪೂರ್ತಿ ನೋಡಿದೆ. ಆಕಿ ವಾಪಸ್ ಬರೋದು ನಂಗೂ ಸರಿ ಕಾಣ್ಲಿಲ್ಲ. ಅವ ಬಾಗ್ಲು ತೆಗೆದ, ಬರೇ ನಿಂತ. ಒಂದು ಮಾತರ ಆಡಬೇಕಿತ್ತು. ಏನೂ ಆಡದಿರೋನ ಕಾಲಿಗೆ ಆಕಿ ಯಾಕೆ ಬೀಳ್ಬೇಕು?”

ಇಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಇದನ್ನ ಅಮ್ಮಂಗೆ ಬರೀಲಾ?” ಅಂದೆ. ಸುತ್ತಿದ ವೈರಿನ ತುದಿ ಸಿಕ್ಕಿಸಿ, “ಬರಿ” ಅಂದರು. ಬರೆದಿದ್ದೇನೆ. ಇದರಿಂದ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೂ ಅವರು ಹೇಳಿದರು.

ಶಿವರಾಮಣ್ಣ, “ಹೋಗು, ಆದ್ರೆ ಅಲ್ಲಿ ವಾರ್ಡನ್ನಿಗೆ ಪಾಠ ಮಾಡಬ್ಯಾಡ” ಎಂದು ಹೇಳಿ, ತಿಂಗಳ ಮಧ್ಯವಾದರೂ ಪೂರ್ತಿ ಸಂಬಳ ಕೊಟ್ಟಿದ್ದಾರೆ. ಅಜ್ಜಿ ಬೆಳಗ್ಗಿನಿಂದ ಚಟ್ನಿಪುಡಿ ಕುಟ್ಟುತ್ತಿದ್ದಾಳೆ. “ಅಡಿಗೆ ಮಾಡೋಳಿಗೆ ಚಟ್ನಿಪುಡಿ ಯಾಕಜ್ಜಿ?” ಅಂದೆ. “ದಿನಾ ಊರೋರಿಗೆ ಬೇಯ್ಸಿ ಹಾಕೋಳಿಗೆ ಒಂದಿನ ಯಾರರ ಮಾಡಿ ಕೊಡಬ್ಯಾಡ್ವಾ?” ಎಂದು ನನ್ನ ಮೇಲೇ ರೇಗಿದಳು.

ಪರೀಕ್ಷೆ ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಗಣಿತಕ್ಕೆ ನಿಜವಾಗಿಯೂ ಹೆದರಿಕೆಯಿದೆ. ನಿನ್ನ ಜೊತೆ ಒಂದೇ ಕೋಣೆಯಲ್ಲಿ ಎಷ್ಟು ದಿನ ಇರಬಲ್ಲೆನೋ ಅದೂ ಗೊತ್ತಿಲ್ಲ. ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ, ನಿನಗೆ ಇನ್ನೊಬ್ಬರ ಅಭ್ಯಾಸವಿಲ್ಲ. ಜಗಳವಾದರೆ ಆಗಲಿ. ಮಾತು ನಿಲ್ಲಿಸುವುದು ಮಾತ್ರ ಬೇಡ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ನನ್ನ ಹಿಂದೆ ಬರುತ್ತದೆ. ಕೈಯಲ್ಲೇ ತರುತ್ತೇನೆ. ನಾಳೆ ಬೆಳಗ್ಗೆ ಹೊರಡುತ್ತೇನೆ.

ತುಂಗಾ